ಕರ್ನಲ್ ಎಲ್ಲಿ ಕೂತಿದೆ ಅಂತ ಮೊದಲು ಹುಡುಕಿ, ಬಗ್ ಆಮೇಲೆ

ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನಲ್ಲಿ ಬಗ್ ಹುಡುಕಲು ಜಿಡಿಬಿ ಎಂಬ ಡೀಬಗರ್ ಕನೆಕ್ಟ್ ಆಗಿದೆ. ಬ್ರೇಕ್‌ಪಾಯಿಂಟ್, ಅಂದರೆ ಕೋಡ್ ನಿಲ್ಲಬೇಕಾದ ಗುರುತು, ಇಟ್ಟಾಗಿದೆ. ಆದರೂ ಕರ್ನಲ್ ಕ್ಯಾರೇ ಅನ್ನದೆ ಓಡುತ್ತಲೇ ಇದೆ. ಇಲ್ಲವೇ, ಆ ವಿಳಾಸದಲ್ಲಿ ಮೆಮೊರಿಯೇ ಇಲ್ಲ ಅಂತ ಜಿಡಿಬಿ ಗೊಣಗುತ್ತದೆ. ಬ್ಯಾಕ್‌ಟ್ರೇಸ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಅನ್ನುವ ಪಟ್ಟಿ) ಕೇಳಿದರೆ ಬರೀ ಪ್ರಶ್ನಾರ್ಥಕ ಚಿಹ್ನೆಗಳು. ಡ್ರೈವರ್ ಕೆಲಸ ಮಾಡುವ ನನ್ನ ಹತ್ತಿರ ಹೊಸಬರು ತರುವ ದೂರುಗಳಲ್ಲಿ ಇದೇ ಜಾಸ್ತಿ.

ಕಾರಣ ಬಹುಪಾಲು ಕೆಎಎಸ್ಎಲ್ಆರ್. ಪ್ರತಿ ಬೂಟ್‌ನಲ್ಲೂ ಕರ್ನಲ್ಅನ್ನು ಬೇರೆ ವಿಳಾಸದಲ್ಲಿ ಕೂರಿಸುವ ವ್ಯವಸ್ಥೆ ಅದು. ಜಿಡಿಬಿ ಮಾತ್ರ ಫೈಲ್‌ನಲ್ಲಿರುವ ಹಳೆಯ ವಿಳಾಸವನ್ನೇ ನಂಬಿ ಕೂತಿರುತ್ತದೆ. ಲಿನಕ್ಸ್‌ಗೆ ಬಂದದ್ದು 2014ರಲ್ಲಿ, 3.14 ಆವೃತ್ತಿಯಲ್ಲಿ. 2017ರ 4.12ರಿಂದ ಎಕ್ಸ್86ನಲ್ಲಿ ತಾನಾಗೇ ಆನ್ ಇರುತ್ತದೆ. ನಾನು ಇಲ್ಲಿ ಹೇಳುವುದೆಲ್ಲ 64 ಬಿಟ್ ಎಕ್ಸ್86 ಲಿನಕ್ಸ್ ಬಗ್ಗೆ.

ಯಾರನ್ನೇ ಕೇಳಿ, ಕೆಎಎಸ್ಎಲ್ಆರ್ ಆಫ್ ಮಾಡಲು ಬೂಟ್ ಸಾಲಿಗೆ ‘ನೋಕೆಎಎಸ್ಎಲ್ಆರ್’ ಸೇರಿಸಿ ಅಂತಾರೆ. ಸೇರಿಸಿ, ತಪ್ಪೇನಿಲ್ಲ. ನಿಮ್ಮದೇ ವರ್ಚುವಲ್ ಮಷಿನ್, ಬೇಕೆಂದಾಗ ಬರುವ ಬಗ್ ಅಂದ್ರೆ ಅದೇ ಸುಲಭದ ದಾರಿ. ಬೂಟ್‌ನ ಶುರುವಿನಲ್ಲೇ ನಿಲ್ಲಿಸಬೇಕಿದ್ದರೆ ಬೇರೆ ದಾರಿ ಹುಡುಕುವುದೇ ದಂಡ. ಜಾಗ ಆರಿಸುವುದು ಕರ್ನಲ್‌ನ ಡಿಕಂಪ್ರೆಸರ್, ಅಂದರೆ ಒತ್ತಿಟ್ಟ ಕರ್ನಲ್ ಬಿಚ್ಚುವ ಭಾಗ. ಅದು ಓಡುವ ಮೊದಲು ವಿಳಾಸ ಯಾರಿಗೂ ಗೊತ್ತಿರುವುದಿಲ್ಲ. ಆಗ ಹಾರ್ಡ್‌ವೇರ್ ಬ್ರೇಕ್‌ಪಾಯಿಂಟ್ (ಸಿಪಿಯುವೇ ಗಮನಿಸುವಂಥದ್ದು) ಇಡಿ. ಸಾಫ್ಟ್‌ವೇರ್ ಬ್ರೇಕ್‌ಪಾಯಿಂಟ್ ಮೆಮೊರಿಯಲ್ಲಿ ಬರೆದ ಬೈಟ್ ಆಗಿದ್ದರೆ, ಅದರ ಮೇಲೆ ಕರ್ನಲ್ ಬಂದು ಬಿಚ್ಚಿಕೊಂಡು ಕೂರುತ್ತದೆ, ಬ್ರೇಕ್‌ಪಾಯಿಂಟ್ ಅಳಿಸಿಹೋಗುತ್ತದೆ.

ಆದರೆ ಎಲ್ಲಾ ಕಡೆ ಕೆಎಎಸ್ಎಲ್ಆರ್ ಆಫ್ ಮಾಡುವುದು ನಡೆಯಲ್ಲ. ಹಾಳಾದ ಪಾಯಿಂಟರ್ ಒಂದು ಎಲ್ಲೋ ಬರೆಯುತ್ತಿದೆ ಅನ್ನಿ. ಮೆಮೊರಿಯ ಜೋಡಣೆ ಬದಲಾದರೆ ಅದು ಯಾರಿಗೂ ಬೇಡದ ಜಾಗದಲ್ಲಿ ಬರೆದು ಸುಮ್ನಾಗಬಹುದು. ಬಗ್ ಹೋಯ್ತು ಅಂತ ನೀವು ಖುಷಿಪಡುತ್ತೀರಿ, ಅದು ಅಲ್ಲೇ ಇರುತ್ತದೆ. ಇನ್ನು ಬೇರೆಯವರ ಮಷಿನ್‌ನಿಂದ ಬಂದ ಕ್ರ್ಯಾಶ್ ಲಾಗ್ ಆದರೆ, ಆ ಬೂಟ್ ಮುಗಿದೇ ಹೋಗಿದೆ, ಅಲ್ವಾ? ಈಗ ಆಫ್ ಮಾಡಿ ಏನು ಪ್ರಯೋಜನ?

ಅದಕ್ಕೇ ನಾನು ಹೇಳುವುದು, ಒಂದು ಕಳೆಯುವ ಲೆಕ್ಕ ಕಲಿತುಬಿಡಿ. ಕರ್ನಲ್‌ನ ಕೋಡ್ ಚೆಲ್ಲಾಪಿಲ್ಲಿ ಆಗುವುದಿಲ್ಲ. ಇಡೀ ಗಂಟು ಒಟ್ಟಿಗೆ, ಒಂದೇ ಅಳತೆಯಷ್ಟು ಸರಿಯುತ್ತದೆ. ಆ ಅಳತೆ ಸಿಕ್ಕರೆ ಎಲ್ಲಾ ಫಂಕ್ಷನ್ನೂ ಸಿಕ್ಕಂತೆ.

ವಿಳಾಸಗಳ ಮೊದಲ ಎಂಟು ಹೆಕ್ಸ್ (ಹದಿನಾರರ ಎಣಿಕೆಯ) ಅಂಕಿಗಳೆಲ್ಲ ಎಫ್. ಅವನ್ನು ಬಿಟ್ಟು ಉಳಿದ ಎಂಟನ್ನಷ್ಟೇ ಬರೆಯುತ್ತೇನೆ. ಸರಿಯದ ಕರ್ನಲ್‌ನ ಕೋಡ್ ಸಾಮಾನ್ಯವಾಗಿ 81000000ರಲ್ಲಿ ಶುರು. ಓಡುತ್ತಿರುವ ಮಷಿನ್‌ನಲ್ಲಿ ರೂಟ್ ಆಗಿ ‘ಪ್ರೊಕ್’ ಒಳಗಿನ ‘ಕಾಲ್‌ಸಿಮ್ಸ್’ ಫೈಲ್ ತೆರೆದು ‘_ಟೆಕ್ಸ್ಟ್’ ಸಿಂಬಲ್, ಅಂದರೆ ಕೋಡ್ ಶುರುವಾಗುವ ಜಾಗದ ಹೆಸರು, ನೋಡಿ. ರೂಟ್ ಆಗಿದ್ದರೂ ಬರೀ ಸೊನ್ನೆ ಕಂಡರೆ ವಿಳಾಸ ಮರೆಮಾಡುವ ಸೆಟ್ಟಿಂಗ್ ‘ಕೆಪಿಟಿಆರ್_ರಿಸ್ಟ್ರಿಕ್ಟ್’ 2ರಲ್ಲಿದೆ, 1ಕ್ಕೆ ಇಳಿಸಿ. 97400000 ಅಂತ ಬಂತು ಅನ್ನಿ. ಅದರಿಂದ 81000000 ಕಳೆದರೆ 16400000. ಇದೇ ನಿಮ್ಮ ಆಫ್‌ಸೆಟ್. ಲೆಕ್ಕ ಹೆಕ್ಸ್‌ನಲ್ಲಿ ಅನ್ನುವುದು ನೆನಪಿರಲಿ.

ಇಲ್ಲಿ ಅವಸರ ಮಾಡಬೇಡಿ, ತಾಳೆ ನೋಡಿ. ಕರ್ನಲ್ ಸರಿಯುವುದು 2 ಎಂಬಿ ಹೆಜ್ಜೆಗಳಲ್ಲಿ. ಅಂದರೆ ಯಾವ ಫಂಕ್ಷನ್ ತೆಗೆದುಕೊಂಡರೂ ವಿಳಾಸದ ಕೊನೆಯ ಐದು ಹೆಕ್ಸ್ ಅಂಕಿ ಬದಲಾಗುವುದೇ ಇಲ್ಲ. ಬಿಲ್ಡ್ ಆದಾಗಿನ ವಿಳಾಸಗಳ ಪಟ್ಟಿಯಾದ ‘ಸಿಸ್ಟಮ್.ಮ್ಯಾಪ್’ ಫೈಲ್‌ನಲ್ಲಿ 81074350 ಅಂತ ಇರುವ ಫಂಕ್ಷನ್ ಈ ಬೂಟ್‌ನಲ್ಲಿ 97474350ರಲ್ಲಿ ಇರಬೇಕು. ಕೊನೆಗೆ 74350 ಇಲ್ಲದಿದ್ದರೆ ಆಫ್‌ಸೆಟ್ ತಪ್ಪಲ್ಲ, ನಿಮ್ಮ ಕೈಯಲ್ಲಿರುವ ‘ವಿಎಂಲಿನಕ್ಸ್’ (ಸಿಂಬಲ್‌ಗಳಿರುವ ಕರ್ನಲ್) ಫೈಲೇ ಬೇರೆ ಬಿಲ್ಡ್‌ನದು. ಬಿಲ್ಡ್ ಐಡಿ ಹೋಲಿಸಿ, ಸರಿಯಾದ ಫೈಲ್ ಹುಡುಕಿ. ಅರ್ಧ ದಿನ ತಿನ್ನುವ ಗೊಂದಲ ಈ ಐದು ಅಂಕಿಯಲ್ಲಿ ಮುಗಿಯುತ್ತದೆ.

ಈಗ ಜಿಡಿಬಿಗೆ ಹೇಳಬೇಕು. ಅದನ್ನು ‘ವಿಎಂಲಿನಕ್ಸ್’ ಕೊಡದೆ ಬರಿಗೈಯಲ್ಲೇ ಶುರು ಮಾಡಿ. ವರ್ಚುವಲ್ ಮಷಿನ್ ಓಡಿಸುವ ಕ್ಯೂಇಎಂಯುವಿನ 1234ನೇ ಪೋರ್ಟ್‌ಗೆ ಕನೆಕ್ಟ್ ಆಗಿ, ಆಮೇಲೆ ‘ಆ್ಯಡ್-ಸಿಂಬಲ್-ಫೈಲ್’ ಕಮಾಂಡ್‌ಗೆ ‘-ಒ’ ಆಯ್ಕೆಯಲ್ಲಿ ಆಫ್‌ಸೆಟ್ ಕೊಡಿ. ಮೊದಲೇ ಫೈಲ್ ಲೋಡ್ ಮಾಡಿ ಮತ್ತೆ ಇದನ್ನೂ ಕೊಟ್ಟರೆ ಪ್ರತಿ ಸಿಂಬಲ್‌ಗೂ ಎರಡೆರಡು ವಿಳಾಸ. ಬ್ರೇಕ್‌ಪಾಯಿಂಟ್ ಎರಡೂ ಕಡೆ ಬೀಳುತ್ತದೆ, ಒಂದು ಸುಳ್ಳು.

ಮಷಿನ್ ಪೂರ್ತಿ ಹ್ಯಾಂಗ್ ಆಗಿ ಶೆಲ್ಲೇ ಸಿಗದಿದ್ದರೆ? ಪ್ಯಾನಿಕ್ ಆಗಿದ್ದರೆ, ಅಂದರೆ ಕರ್ನಲ್ ಕೈಚೆಲ್ಲಿ ನಿಂತಿದ್ದರೆ, ಕನ್ಸೋಲ್‌ನಲ್ಲಿ ‘ಕರ್ನಲ್ ಆಫ್‌ಸೆಟ್’ ಅಂತ ಒಂದು ಸಾಲು ಇರುತ್ತದೆ, ಲೆಕ್ಕವನ್ನು ಅದೇ ಮಾಡಿಕೊಟ್ಟಿರುತ್ತದೆ. ಪ್ಯಾನಿಕ್ಕೂ ಆಗದೆ ಸುಮ್ನೆ ನಿಂತಿದ್ದರೆ ನನಗೆ ಇಷ್ಟದ ದಾರಿ ಇಂಟರಪ್ಟ್ ಟೇಬಲ್, ಅಂದರೆ ಐಡಿಟಿ. ಯಾವ ಇಂಟರಪ್ಟ್‌ಗೆ ಯಾವ ಹ್ಯಾಂಡ್ಲರ್ ಓಡಬೇಕು ಅನ್ನುವ ಪಟ್ಟಿ ಅದು. ಜಿಡಿಬಿಯಿಂದಲೇ ‘ಮಾನಿಟರ್ ಇನ್ಫೋ ರಿಜಿಸ್ಟರ್ಸ್’ ಕೊಡಿ, ಐಡಿಟಿ ಎಲ್ಲಿದೆ ಅಂತ ತೋರಿಸುತ್ತದೆ. ಅಲ್ಲಿಂದ 16 ಬೈಟ್ ಓದಿದರೆ ಮೊದಲನೇ ಎಂಟ್ರಿ, ಅಂದರೆ ಸೊನ್ನೆಯಿಂದ ಭಾಗಿಸಿದಾಗ ಓಡುವ ಹ್ಯಾಂಡ್ಲರ್. ಅದರ ವಿಳಾಸ ಮೂರು ತುಂಡಾಗಿದೆ. ಬೈಟ್‌ಗಳನ್ನು 0ಯಿಂದ ಎಣಿಸಿದರೆ ಕೆಳಗಿನ 16 ಬಿಟ್ 0 ಮತ್ತು 1ರಲ್ಲಿ, ನಂತರದ 16 ಬಿಟ್ 6 ಮತ್ತು 7ರಲ್ಲಿ, ಮೇಲಿನ 32 ಬಿಟ್ 8ರಿಂದ 11ರವರೆಗೆ. ಜೋಡಿಸಿ, ‘ಸಿಸ್ಟಮ್.ಮ್ಯಾಪ್’ನಲ್ಲಿರುವ ಅದೇ ಹ್ಯಾಂಡ್ಲರ್‌ನ ವಿಳಾಸ ಕಳೆಯಿರಿ. ಹೊಸ ಕರ್ನಲ್‌ಗಳಲ್ಲಿ ಅದರ ಹೆಸರು ‘ಎಎಸ್ಎಂ_ಎಕ್ಸ್‌ಸಿ_ಡಿವೈಡ್_ಎರರ್’. ಆಮೇಲೆ ಮತ್ತೆ ಕೊನೆಯ ಐದು ಅಂಕಿ ತಾಳೆ ನೋಡಿ.

ಈ ಆಫ್‌ಸೆಟ್ ರೀಬೂಟ್ ಆದ ಕ್ಷಣ ಹಳಸಿದ ಅನ್ನ. ಲಾಗ್ ಉಳಿಸುವಾಗ ಅದೇ ಫೈಲ್‌ನಲ್ಲಿ ಇದನ್ನೂ ಬರೆದಿಡಿ. ವರ್ಚುವಲ್ ಮಷಿನ್ ಆದರೆ ಇನ್ನೂ ಒಳ್ಳೆಯ ಉಪಾಯ ಇದೆ. ಒಮ್ಮೆ ಬೂಟ್ ಆದಮೇಲೆ ‘ಸೇವ್‌ವಿಎಂ’ ಕೊಟ್ಟು ಸ್ನ್ಯಾಪ್‌ಶಾಟ್ ತೆಗೆಯಿರಿ. ಡಿಸ್ಕ್ ಫೈಲ್ ಕ್ಯೂಕೌ2 ಫಾರ್ಮ್ಯಾಟ್‌ನಲ್ಲಿರಬೇಕು. ಪ್ರತಿ ಸಲ ‘ಲೋಡ್‌ವಿಎಂ’ ಮಾಡಿದಾಗಲೂ ಕರ್ನಲ್ ಅದೇ ಜಾಗದಲ್ಲಿರುತ್ತದೆ, ಕೆಎಎಸ್ಎಲ್ಆರ್ ಆನ್ ಇದ್ದೂ ವಿಳಾಸ ಕದಲುವುದಿಲ್ಲ.

ಕೈಯಲ್ಲಿರುವುದು ಬರೀ ಊಪ್ಸ್ ಲಾಗ್ (ಕರ್ನಲ್ ಎಡವಿದಾಗ ಬರೆಯುವ ವರದಿ) ಆದರೆ ಆಫ್‌ಸೆಟ್ ಬೇಕಾಗುವುದೇ ಅಪರೂಪ. ಆರ್‌ಐಪಿ (ಆಗ ಓಡುತ್ತಿದ್ದ ಕೋಡ್‌ನ ಜಾಗ) ಸಾಲಿನಲ್ಲಿ ಫಂಕ್ಷನ್ ಹೆಸರು, ಅದರೊಳಗೆ ಎಷ್ಟು ಬೈಟ್ ದೂರ ಅನ್ನುವುದು ಇರುತ್ತದೆ. ಕರ್ನಲ್ ಎಲ್ಲಿ ಕೂತರೂ ಅದು ಬದಲಾಗಲ್ಲ. ಕರ್ನಲ್ ಸೋರ್ಸ್‌ನ ‘ಸ್ಕ್ರಿಪ್ಟ್ಸ್’ ಫೋಲ್ಡರ್‌ನಲ್ಲಿರುವ ‘ಎಫ್‌ಆ್ಯಡರ್2ಲೈನ್’ಗೆ ಅದನ್ನು ಹಾಗೇ ಕೊಡಿ, ಫೈಲ್ ಮತ್ತು ಸಾಲಿನ ಸಂಖ್ಯೆ ಹೇಳುತ್ತದೆ. ಡೀಬಗ್ ಮಾಹಿತಿ ಸಹಿತ ಬಿಲ್ಡ್ ಆಗಿರಬೇಕು, ಅಷ್ಟೇ.

ಕೊನೆಗೆ ಮಾಡ್ಯೂಲ್‌ಗಳು, ಅಂದರೆ ಓಡುತ್ತಿರುವ ಕರ್ನಲ್‌ಗೆ ಬೇಕೆಂದಾಗ ಸೇರಿಸುವ ತುಂಡುಗಳು. ಕರ್ನಲ್‌ನ ಆಫ್‌ಸೆಟ್ ಇವಕ್ಕೆ ನಡೆಯಲ್ಲ, ಇವುಗಳ ಜಾಗ ಬೇರೆಯಾಗೇ ಆರಿಸಲಾಗುತ್ತದೆ. ‘ಸಿಸ್’ ಒಳಗೆ ‘ಮಾಡ್ಯೂಲ್’, ಅದರಲ್ಲಿ ನಿಮ್ಮ ಮಾಡ್ಯೂಲ್ ಹೆಸರು, ಅದರ ‘ಸೆಕ್ಷನ್ಸ್’ ಫೋಲ್ಡರ್‌ನಲ್ಲಿ ‘.ಟೆಕ್ಸ್ಟ್’ ಫೈಲ್ ಓದಿ. ಆ ವಿಳಾಸವನ್ನು ‘-ಒ’ ಇಲ್ಲದೆ ನೇರವಾಗಿ ‘ಆ್ಯಡ್-ಸಿಂಬಲ್-ಫೈಲ್’ಗೆ ಕೊಡಿ. ಮಾಡ್ಯೂಲ್ ತೆಗೆದು ಮತ್ತೆ ಹಾಕಿದರೆ ಈ ವಿಳಾಸವೂ ಬದಲಾಗಬಹುದು, ಆಗ ಇನ್ನೊಮ್ಮೆ ಓದಿಕೊಳ್ಳಿ.