ಜೋಗದಲ್ಲೂ ನಡುಗದ ಸ್ಟೇರಿಂಗ್: ಮ್ಯಾಟ್ರಿಕ್ಸ್ ಜೊತೆಗಿನ ನನ್ನ ಅನುಭವ

ಶಿವಮೊಗ್ಗದಿಂದ ಒಂದು ಕಡೆ ಆಗುಂಬೆ ಘಾಟಿ, ಇನ್ನೊಂದು ಕಡೆ ಜೋಗ. ಅಳತೆ ಒಂದಿಷ್ಟೂ ಕುಗ್ಗಿಸದೆ ಎರಡನ್ನೂ ಒಂದೇ ಮ್ಯಾಪಿನಲ್ಲಿಟ್ಟು ಬಸ್ ಓಡಿಸುವ ಆಟ, ಅದೂ ಐದಾರು ಸಾವಿರದ ಸೆಕೆಂಡ್‌ಹ್ಯಾಂಡ್ ಫೋನಿನಲ್ಲಿ, ಆಗುವ ಮಾತಲ್ಲ ಅಂದವರೇ ಹೆಚ್ಚು. ಮ್ಯಾಪ್ ಹತ್ತರಲ್ಲೊಂದು ಮಾಡು ಅಂದರು. ಡಬಲ್ (ದಶಮಾಂಶ ಸಂಖ್ಯೆಯನ್ನು 64 ಬಿಟ್ಟಿನಲ್ಲಿ ಇಡುವ ರೀತಿ; 32 ಬಿಟ್ಟಿನದು ಫ್ಲೋಟ್) ಬಳಸಿದರೆ ಮೆಮೊರಿ ಎರಡು ಪಟ್ಟು ತಿನ್ನುತ್ತೆ ಅಂದರು. ಈಗ ಸೆಕೆಂಡಿಗೆ ಹೆಚ್ಚುಕಮ್ಮಿ 40 ಫ್ರೇಮ್ ಬರ್ತಿದೆ, ಮೆಮೊರಿ ಒಂದು ಬೈಟೂ ಜಾಸ್ತಿ ಹೋಗಿಲ್ಲ. ಎಂಜಿನ್ ಸ್ವಂತದ್ದು: ಸಿ ಪ್ಲಸ್ ಪ್ಲಸ್ ಭಾಷೆ, ಚಿತ್ರ ಬಿಡಿಸಲು ವಲ್ಕನ್. ಮ್ಯಾಟ್ರಿಕ್ಸ್ ಗುಣಾಕಾರ ಇಲ್ಲಿ ವಿವರಿಸುವುದಿಲ್ಲ, ಅದು ಗೊತ್ತಿದ್ದವರಿಗೇ ಈ ಬರಹ.

ಮೊದಲು ಕೆಟ್ಟದ್ದರ ಲೆಕ್ಕ. ಮ್ಯಾಪಿನ ಯುಟಿಎಂ (ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರಿನಲ್ಲಿ ಜಾಗ ಹೇಳುವ ಕ್ರಮ) ಅಂಕಿಗಳನ್ನು ಹಾಗೇ ಫ್ಲೋಟಿಗೆ ಸುರಿದರೆ ಮುಗೀತು. 43ನೇ ವಲಯದಲ್ಲಿ ಶಿವಮೊಗ್ಗ ಭೂಮಧ್ಯರೇಖೆಯಿಂದ 15 ಲಕ್ಷ ಮೀಟರಿಗೂ ಹೆಚ್ಚು ಉತ್ತರಕ್ಕಿದೆ. ಫ್ಲೋಟಿನ ನಿಖರತೆ 24 ಬಿಟ್ ಮಾತ್ರ, ಹಾಗಾಗಿ ಅಷ್ಟು ದೊಡ್ಡ ಸಂಖ್ಯೆಯ ಹತ್ತಿರ ಅದರ ಒಂದು ಮೆಟ್ಟಿಲು, ಅಂದರೆ ಪಕ್ಕಪಕ್ಕದ ಎರಡು ಅಂಕಿಗಳ ಅಂತರ, 12.5 ಸೆಂ.ಮೀ. ಬಸ್ಸು ಓಡುವ ಬದಲು ಕುಪ್ಪಳಿಸುತ್ತದೆ. ಸೊನ್ನೆ ಬಿಂದುವನ್ನು ಶಿವಮೊಗ್ಗಕ್ಕೇ ತಂದಿಟ್ಟರೆ 80 ಕಿ.ಮೀ. ಪಶ್ಚಿಮದ ಜೋಗದಲ್ಲಿ ಮೆಟ್ಟಿಲು ಸುಮಾರು 8 ಮಿ.ಮೀ.ಗೆ ಇಳಿಯುತ್ತದೆ. ಇಷ್ಟು ಸಾಕು ಅನ್ನಿಸುತ್ತದೆ, ಸಾಕಾಗುವುದಿಲ್ಲ. ವಸ್ತುವನ್ನು ಲೋಕದಲ್ಲಿಡುವ ಮಾಡೆಲ್ ಮ್ಯಾಟ್ರಿಕ್ಸಿನಲ್ಲಿ ಒಂದು 80 ಸಾವಿರ, ಲೋಕವನ್ನು ಕ್ಯಾಮೆರಾ ಕಣ್ಣಿಗೆ ತರುವ ವ್ಯೂ ಮ್ಯಾಟ್ರಿಕ್ಸಿನಲ್ಲಿ ಅದಕ್ಕೆ ವಿರುದ್ಧವಾಗಿ ತಿರುಗಿಸಿಟ್ಟ ಇನ್ನೊಂದು. ಇವೆರಡನ್ನು ಕಳೆದು ಚಾಲಕನ ಕಣ್ಣಿಂದ ಅರ್ಧ ಮೀಟರ್ ದೂರದ ಸ್ಟೇರಿಂಗ್ ಹೊರಬರಬೇಕು. ಬರುವುದು ಸ್ಟೇರಿಂಗಿನ ಜೊತೆಗೆ ಗುಣಾಕಾರದಲ್ಲಿ ಸೇರಿದ ಕಸ. ಆ ದೂರದಲ್ಲಿ 1 ಸೆಂ.ಮೀ. ತಪ್ಪಿದರೂ 720 ಸಾಲಿನ ಪರದೆಯಲ್ಲಿ ಹತ್ತಕ್ಕೂ ಹೆಚ್ಚು ಪಿಕ್ಸೆಲ್ ಅಲುಗಾಡುತ್ತದೆ.

ಸಿದ್ಧ ಎಂಜಿನ್ ಮೇಲೆ ಕೆಲಸ ಮಾಡುತ್ತಿದ್ದಾಗ ಮೂರು ಸಾವಿರದ ಹತ್ತಿರ ಕೊಟ್ಟು ಒಂದು ಫ್ಲೋಟಿಂಗ್ ಒರಿಜಿನ್ ಪ್ಲಗಿನ್ ತಂದೆ. ಬಸ್ಸು ಕೆಲವು ಕಿ.ಮೀ. ಹೋದಂತೆಲ್ಲ ಇಡೀ ಲೋಕವನ್ನೇ ಹಿಂದಕ್ಕೆ ಸರಿಸುವ ಉಪಾಯ ಅದು. ಗಿಡಮರ ಸರಿದವು, ಎಕ್ಸಾಸ್ಟಿನ ಹೊಗೆ ಹಳೇ ಜಾಗದಲ್ಲೇ ಉಳೀತು, ಚಕ್ರ-ರಸ್ತೆಯ ಸ್ಪರ್ಶ ತಪ್ಪಿ ಬಸ್ಸು ಒಂದು ಗೇಣು ಮೇಲೆ ಹಾರಿತು, ಹಾರ್ನಿನ ಶಬ್ದ ಎಲ್ಲಿಂದಲೋ ಬಂತು. ಸರಿಸಬೇಕಾದ ಪಟ್ಟಿಯಲ್ಲಿ ಒಂದು ಬಿಟ್ಟುಹೋದರೂ ಇದೇ ಕತೆ, ಮತ್ತು ಪಟ್ಟಿ ಬೆಳೆಯುತ್ತಲೇ ಇರುತ್ತದೆ. ದುಡ್ಡು ದಂಡ. ಅನ್‌ರಿಯಲ್ 5 ಎಂಬ ಸಿದ್ಧ ಎಂಜಿನ್ನಿನಲ್ಲಿ 2022ರಿಂದಲೇ ಡಬಲ್ ಇದೆ ನಿಜ, ಆದರೆ ಈ ಫೋನುಗಳಿಗೆ ಅದು ಭಾರ.

ಕೈಹಿಡಿದ ವಿಧಾನ ಇದು. ಜಿಪಿಯುಗೆ (ಚಿತ್ರ ಬಿಡಿಸುವ ಚಿಪ್) ಲೋಕದ ಜಾಗ ಹೇಳುವುದೇ ಇಲ್ಲ. ಕ್ಯಾಮೆರಾವೇ ಸೊನ್ನೆ. ಪ್ರತಿ ವಸ್ತುವಿನ ಜಾಗ ಮೂರು ಡಬಲ್, ತಿರುವು ಮತ್ತು ಅಳತೆ ಒಂಬತ್ತು ಫ್ಲೋಟ್. ತಿರುವಿನ ಅಂಕಿಗಳೆಲ್ಲ ಚಿಕ್ಕವು, ಅವಕ್ಕೆ ಡಬಲ್ ಬಳಸುವುದು ದಂಡ. 24 ಬೈಟಿಗೆ 36 ಸೇರಿದರೆ 60, ಅಲೈನ್‌ಮೆಂಟ್ ಸೇರಿಸಿ 64. 4×4 ಫ್ಲೋಟ್ ಮ್ಯಾಟ್ರಿಕ್ಸ್ ಎಷ್ಟಿತ್ತೋ ಅಷ್ಟೇ. ಎರಡು ಪಟ್ಟು ಅಂದವರಿಗೆ ಇದೇ ಉತ್ತರ. ಬಸ್ಸು ತಾಯಿ, ಅದಕ್ಕೆ ಅಂಟಿದ ಚಕ್ರ ಮಗು ಅಂದುಕೊಳ್ಳಿ. ಮಗುವಿನ ಜಾಗ ಬೇಕಾದಾಗ ತಾಯಿಯ 3×3ನ್ನು ಮಗುವಿನ ಲೋಕಲ್ ಜಾಗಕ್ಕೆ ಫ್ಲೋಟಿನಲ್ಲೇ ಗುಣಿಸಿ, ಬಂದ ಚಿಕ್ಕ ಅಂಕಿಯನ್ನು ತಾಯಿಯ ಡಬಲ್ ಜಾಗಕ್ಕೆ ಕೂಡಿಸಿ. ಕೊನೆಯಲ್ಲಿ ಕ್ಯಾಮೆರಾ ಜಾಗವನ್ನು ಡಬಲ್‌ನಲ್ಲೇ ಕಳೆದು, ಆಮೇಲೆ ಫ್ಲೋಟ್ ಮಾಡಿ. ಈ ಕ್ರಮ ತಿರುಗಾಮುರುಗಾ ಆಗಬಾರದು: ಮೊದಲು ಫ್ಲೋಟ್ ಮಾಡಿ ಆಮೇಲೆ ಕಳೆದರೆ ಮಾಡಿದ್ದೆಲ್ಲ ನೀರುಪಾಲು. ವ್ಯೂ ಮ್ಯಾಟ್ರಿಕ್ಸಿನಲ್ಲಿ ಈಗ ತಿರುವು ಮಾತ್ರ, ಅದರ ವಿಲೋಮ ಬೇಕೆಂದರೆ ಅಡ್ಡಸಾಲು-ಕಂಬಸಾಲು ಅದಲುಬದಲು ಮಾಡಿದರೆ ಆಯಿತು.

ಜಿಪಿಯುಗೆ ಕಳಿಸುವಾಗ 3×3 ಎಂದು ಘೋಷಿಸಿದರೂ ಬಫರಿನಲ್ಲಿ ಪ್ರತಿ ಕಾಲಮ್ 16 ಬೈಟಿಗೆ ಹಿಗ್ಗುತ್ತದೆ. ಆ ಖಾಲಿ ಜಾಗ ಹಾಳುಮಾಡುವ ಬದಲು ನಾಲ್ಕರ ಮೂರು ಸಾಲು ಕಳಿಸಿ, ನಾಲ್ಕನೇ ಮನೆಯಲ್ಲಿ ಜಾಗದ ಅಂಕಿ ಇಟ್ಟರೆ 48 ಬೈಟಿನಲ್ಲಿ ಎಲ್ಲ ಮುಗಿಯುತ್ತದೆ. ಪಿಕ್ಸೆಲಿನ ಬಣ್ಣ ಲೆಕ್ಕಹಾಕುವ ಫ್ರ್ಯಾಗ್‌ಮೆಂಟ್ ಶೇಡರಿಗೆ ಜಾಗ ದಾಟಿಸುವಾಗ ಮೀಡಿಯಂಪಿ (ಕಡಿಮೆ ನಿಖರತೆ ಸಾಕು) ಎಂದು ಬರೆಯಬೇಡಿ. ತುಂಬ ಫೋನುಗಳಲ್ಲಿ ಅದು 16 ಬಿಟ್, ಒಂದು ಕಿ.ಮೀ. ದಾಟಿದ ಮೇಲೆ ಮೆಟ್ಟಿಲು ಒಂದು ಮೀಟರ್.

ಅಡಿಕೆ ತೋಟಕ್ಕೆ ಬೇರೆಯೇ ದಾರಿ. ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ 550 ಮರ. 256 ಮೀಟರ್ ಚೌಕದ ಒಂದು ಟೈಲ್ (ಮ್ಯಾಪಿನ ಒಂದು ತುಂಡು) ಅಂದರೆ 16 ಎಕರೆ ಚಿಲ್ಲರೆ, ಪೂರ್ತಿ ತೋಟವಾದರೆ 9 ಸಾವಿರದ ಹತ್ತಿರ ಮರ. ಪ್ರತಿ ಮರಕ್ಕೂ ಪ್ರತಿ ಫ್ರೇಮ್ ಡಬಲ್ ಕಳೆಯುತ್ತ ಕೂತರೆ ಫೋನು ಇಸ್ತ್ರಿಪೆಟ್ಟಿಗೆಯಾಗುತ್ತದೆ. ಟೈಲಿನ ಮೂಲೆ ಮಾತ್ರ ಡಬಲ್ ಇರಲಿ. ಅದರೊಳಗೆ ಮರದ ಜಾಗ 16 ಬಿಟ್‌ನ ಮೂರು ಅಂಕಿ, ತಿರುವು ಒಂದು ಬೈಟ್, ಎತ್ತರ ಒಂದು ಬೈಟ್: ಒಟ್ಟು 8. ಮೆಟ್ಟಿಲು 4 ಮಿ.ಮೀ. ಆಯಿತು, ಮರಕ್ಕೆ ಧಾರಾಳ. 570 ಕೆಬಿ ಬೇಡುತ್ತಿದ್ದ ಟೈಲು 70ರ ಆಸುಪಾಸಿಗೆ ಬಂತು.

ಮರದ ಎತ್ತರ ಮಾತ್ರ ಹಿಗ್ಗಿಸಿದಾಗ ಕಾಂಡದ ಬೆಳಕು ಸರಿ, ಸೋಗೆಯ ಬೆಳಕು ಕೆಟ್ಟಿತ್ತು. ಕಾಂಡದ ನಾರ್ಮಲ್ (ಮೇಲ್ಮೈ ಮುಖಮಾಡಿದ ದಿಕ್ಕು) ಅಡ್ಡಕ್ಕಿರುವುದರಿಂದ ಕೆಡುವುದಿಲ್ಲ, ಓರೆಯಾಗಿರುವ ಸೋಗೆಯದು ಕೆಡುತ್ತದೆ. ಇದಕ್ಕೆ ಇನ್ನೊಂದು ಮ್ಯಾಟ್ರಿಕ್ಸ್ ಕಳಿಸುವುದು ಬೇಡ. ನಾರ್ಮಲಿನ ಪ್ರತಿ ಅಂಕಿಯನ್ನೂ ಆಯಾ ಕಾಲಮಿನ ಉದ್ದದ ವರ್ಗದಿಂದ ಭಾಗಿಸಿ, ಅದೇ 3×3ರಿಂದ ಗುಣಿಸಿ, ಉದ್ದ 1 ಮಾಡಿದರೆ ಮುಗೀತು.

ನಡುವೆ ಒಂದು ಅಡ್ಡ ಪ್ರಯೋಗ. ರಸ್ತೆ ಬದಿಯ ಬಯಲಲ್ಲಿ ಯಕ್ಷಗಾನದ ವೇಷ ನಿಲ್ಲಿಸಿ, ಎದೆಯ ಮೂಳೆಯನ್ನು ಅಗಲಕ್ಕೆ ಮಾತ್ರ ಹಿಗ್ಗಿಸಿದರೆ ಕೈ ತಿರುಗಿದಾಗೆಲ್ಲ ಓರೆ ಸೊಟ್ಟ ಆಗುತ್ತಿತ್ತು. ತಾಯಿಯ ಅಸಮ ಅಳತೆ ತಿರುಗಿದ ಮಗುವಿಗೆ ಇಳಿದರೆ ಹೀಗೇ, ಅದನ್ನು ಜಾಗ-ತಿರುವು-ಅಳತೆ ಎಂದು ಮತ್ತೆ ಬಿಡಿಸಲೂ ಬರುವುದಿಲ್ಲ. ಅಗಲವನ್ನು ಮೂಳೆಗೆ ಕೊಡದೆ ಮೈಯ ಆಕಾರವಾದ ಮೆಶ್‌ನಲ್ಲೇ ಕೊಟ್ಟೆ. ಚಕ್ರಕ್ಕೂ ಒಂದು ಮಾತು: ಪ್ರತಿ ಫ್ರೇಮ್ ಹಳೆಯ ಮ್ಯಾಟ್ರಿಕ್ಸಿಗೆ ಚಿಕ್ಕ ತಿರುವು ಗುಣಿಸುತ್ತ ಹೋದರೆ ತೀರ್ಥಹಳ್ಳಿ ಮುಟ್ಟುವಷ್ಟರಲ್ಲಿ ಚಕ್ರ ಮೊಟ್ಟೆಯಾಗುತ್ತದೆ. ಕೋನ ಇಟ್ಟುಕೊಂಡು ಮ್ಯಾಟ್ರಿಕ್ಸನ್ನು ಪ್ರತಿಸಲ ಹೊಸದಾಗಿ ಕಟ್ಟಿ.

ನೆಲದ ಎತ್ತರಕ್ಕೆ ಎಸ್‌ಆರ್‌ಟಿಎಂನ (ಬಾಹ್ಯಾಕಾಶ ನೌಕೆಯಿಂದ ಮಾಡಿದ ರೇಡಾರ್ ಸಮೀಕ್ಷೆ) 30 ಮೀಟರ್ ಡೇಟಾ, ಪುಕ್ಕಟೆ. ಆದರೆ ದಟ್ಟ ಕಾಡಿನಲ್ಲಿ ಆ ರೇಡಾರ್ ನೆಲ ಮುಟ್ಟುವ ಮೊದಲೇ ಮರದ ತಲೆಗೆ ತಾಗುತ್ತದೆ. ಘಾಟಿ ರಸ್ತೆ ಪೂರ್ತಿ ಉಬ್ಬುತಗ್ಗು. ರಸ್ತೆಯ ಉದ್ದಕ್ಕೆ ಸುಮಾರು 200 ಮೀಟರಿನ ಸರಾಸರಿ ಹಿಡಿದು ತಟ್ಟಬೇಕಾಯಿತು. ಘಾಟಿಯ ಮಂಜಿನ ಹಿಂದೆ ಟೈಲ್ ಬದಲಾಗುವುದು ಕಾಣದಂತೆ ಮಾಡಿದ್ದು ಹೇಗೆ ಅನ್ನುವುದನ್ನು ಆಟ ಹೊರಬರುವವರೆಗೆ ಹೇಳುವುದಿಲ್ಲ.

ಯಾವುದು ಮುಂದೆ, ಯಾವುದು ಹಿಂದೆ ಎಂದು ನೋಡುವ ಡೆಪ್ತ್‌ಗೆ ಉಲ್ಟಾ ಝಡ್, ಅಂದರೆ ಹತ್ತಿರಕ್ಕೆ 1, ದೂರಕ್ಕೆ 0: ಹತ್ತಿರದ ಮಿತಿ 0.1 ಮೀಟರ್, ದೂರಕ್ಕೆ ಮಿತಿಯೇ ಇಲ್ಲ, 32 ಬಿಟ್ ಫ್ಲೋಟ್ ಬಫರ್, ಸೊನ್ನೆಯಿಂದ ಕ್ಲಿಯರ್, ಹೋಲಿಕೆ ಗ್ರೇಟರ್. ಸ್ಟೇರಿಂಗೂ ಕಣಿವೆಯಾಚೆಯ ಗುಡ್ಡವೂ ಒಂದೇ ಸಲ ಸರಿಯಾಗಿ ಬರುತ್ತವೆ.

ಕೊನೆಗೆ ಕಾಡಿದ್ದು ನೆರಳು. ಕ್ಯಾಮೆರಾ ಸೊನ್ನೆಯಾದ ಮೇಲೆ ನೆರಳಿನ ಮ್ಯಾಟ್ರಿಕ್ಸೂ ಅದರ ಜೊತೆಗೇ ಜಾರುತ್ತದೆ, ಮರದ ನೆರಳಿನ ಅಂಚು ರಸ್ತೆ ಮೇಲೆ ಹರಿದಾಡುತ್ತದೆ. ಕ್ಯಾಮೆರಾದ ಲೋಕದ ಜಾಗವನ್ನು ಬೆಳಕಿನ ಅಕ್ಷಗಳಿಗೆ ಡಬಲ್‌ನಲ್ಲೇ ತಿರುಗಿಸಿ, ಒಂದು ಟೆಕ್ಸೆಲ್ (ನೆರಳಿನ ಚಿತ್ರದ ಒಂದು ಚುಕ್ಕಿ) ಅಗಲದಿಂದ ಭಾಗಿಸಿ, ಉಳಿದ ಶೇಷದಷ್ಟು ಮಾತ್ರ ನೆರಳಿನ ಚೌಕಟ್ಟನ್ನು ಹಿಂದಕ್ಕೆ ತಳ್ಳಬೇಕು. ಪರೀಕ್ಷೆ ಸುಲಭ: ಅದೇ ದೃಶ್ಯವನ್ನು ಸೊನ್ನೆಯಲ್ಲಿ ಒಮ್ಮೆ, ಬೆಳಕಿನ ಒಂದು ಅಕ್ಷದ ಗುಂಟ 81,920 ಮೀಟರ್ ಆಚೆ ಒಮ್ಮೆ ಇಟ್ಟು ಎರಡು ಸ್ಕ್ರೀನ್‌ಶಾಟ್ ಕಳೆಯಿರಿ. ಪರದೆ ಪೂರ್ತಿ ಕಪ್ಪಾಗಬೇಕು. ನೆರಳಿನ ಅಂಚಿನಲ್ಲಿ ಬಿಳಿ ಗೆರೆ ಉಳಿದರೆ ಟೆಕ್ಸೆಲ್ ಅಗಲ ಎರಡರ ಘಾತವಾಗಿಲ್ಲ ಎಂದರ್ಥ. 1/32 ಮೀಟರ್ ಇಟ್ಟು ನೋಡಿ.