ಎಕ್ಕ ಅಲ್ಲ, ಯಕ್ಕಾ

"ಅಜ್ಜಿ, ಎಕ್ಕದ ಗಿಡದಲ್ಲಿ ಇಷ್ಟು ದೊಡ್ಡ ಹೂಗೊಂಚಲಾ?" ಅಂತ ಕೇಳಿದವರಿಗೆ ಲೆಕ್ಕವಿಲ್ಲ. ಎಕ್ಕ ಅಲ್ಲ, ಯಕ್ಕಾ. ಮೆಕ್ಸಿಕೋ, ಅಮೆರಿಕದ ಕಡೆಯ ಗಿಡ.

ಪಕ್ಕದ ಮನೆಯ ಸೊಸೆ ಹೋದ ವರ್ಷ ಒಂದು ತಂದಳು. ಗುಂಡಿ ತೋಡಿ, ಬುಟ್ಟಿಗಟ್ಟಲೆ ಹಟ್ಟಿಗೊಬ್ಬರ ಸುರಿದು, ದಿನಾ ಸಂಜೆ ಪೈಪ್ ಹಿಡಿದಳು. ಅಡಿಕೆ ಸಸಿಯಾ ಅದು? ಆಟಿಯ ಮಳೆಗೆ ಗುಂಡಿ ಕೆರೆಯಾಯಿತು, ಗಿಡ ಕೊಳೆತ ಬಾಳೆದಿಂಡಿನ ಹಾಗೆ ಕೈಗೇ ಬಂತು. "ಮಳೆಗಾಲದಲ್ಲಿ ನಾನು ನೀರೇ ಹಾಕಲಿಲ್ಲ ಅಜ್ಜಿ" ಅನ್ನುತ್ತಾಳೆ! ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಕಾಸರಗೋಡಿನಲ್ಲಿ ಇವಳು ಬೇರೆ ಹಾಕಬೇಕಿತ್ತಾ?

ನನಗೂ ಯಕ್ಕಾ ನೆಡುವುದನ್ನು ಯಾರೂ ಹೇಳಿಕೊಟ್ಟದ್ದಲ್ಲ. ಮಧೂರಿನ ಗೆಳತಿ ಮೊಣಕೈ ಉದ್ದದ ಒಂದು ತುಂಡು ಕೊಟ್ಟಿದ್ದಳು. ಅಡಿಕೆ ಸುಲಿಯುವ ಗಡಿಬಿಡಿಯಲ್ಲಿ ಜಗಲಿಯ ಮೂಲೆಯಲ್ಲಿಟ್ಟು ಮರೆತೇಬಿಟ್ಟೆ. ನಮ್ಮವರು ಒಲೆಗೆ ಹಾಕಲು ಹೊರಟಿದ್ದರು. ಕಿತ್ತುಕೊಂಡು ನೆಟ್ಟೆ, ಚಿಗುರಿತು. ಮರೆತಿದ್ದ ದಿನಗಳಲ್ಲಿ ತುಂಡಿನ ಕಡಿದ ಜಾಗ ಒಣಗಿತ್ತು, ಗುಟ್ಟು ಇದ್ದದ್ದು ಆ ಒಣಗಿದ ಗಾಯದಲ್ಲಿ.

ಹಾಗಾಗಿ ತುಂಡು ಕಡಿದ ಕೂಡಲೇ ನೆಡಬೇಡಿ. ಮೊದಲು ತಲೆಯ ಕಡೆಗೆ ಎಲೆಅಡಿಕೆ ಡಬ್ಬಿಯ ಸುಣ್ಣ ಬಳಿಯಿರಿ. ಇಲ್ಲದಿದ್ದರೆ ಹತ್ತು ದಿನ ಕಳೆದ ಮೇಲೆ ಬುಡ ಯಾವುದು, ತಲೆ ಯಾವುದು ಗೊತ್ತಾಗದೆ ತಲೆಕೆಳಗಾಗಿ ನೆಡುತ್ತೀರಿ, ನೋಡಿದ್ದೇನೆ. ಬುಡಕ್ಕೆ ಒಲೆಯ ಬೂದಿ ಒತ್ತಿ. ಸೌದೆ ಕೊಟ್ಟಿಗೆಯಲ್ಲಿ, ಬಿಸಿಲು ಬೀಳದ ಗಾಳಿಯಲ್ಲಿ ಒರಗಿಸಿಡಿ. ದಿನ ಎಣಿಸಬೇಡಿ. ಕಡಿದ ಜಾಗವನ್ನು ಉಗುರಿನಿಂದ ತಟ್ಟಿ. ತೆಂಗಿನ ಗೆರಟೆಯ ಹಾಗೆ ಟಕ್ ಅನ್ನಬೇಕು. ಹಲಸಿನ ಹಪ್ಪಳವೂ ಹಾಗೇ. ಮೇಲೆ ಒಣಗಿತು ಅಂತ ಡಬ್ಬಿ ತುಂಬಿ, ಆಮೇಲೆ ಬೂಸ್ಟು ಬಂತು ಅಂತ ನನ್ನ ಹತ್ತಿರ ಅಳುವುದು!

ಗುಂಡಿ ಬೇಡವೇ ಬೇಡ. ಮುರಕಲ್ಲಿನ (ಜಂಬಿಟ್ಟಿಗೆಯ) ಚೂರು, ಹೊಯ್ಗೆ ಅಂದರೆ ಮರಳು, ಸ್ವಲ್ಪ ಕೆಂಪುಮಣ್ಣು ಸೇರಿಸಿ ಮೊಣಕಾಲೆತ್ತರ ದಿಬ್ಬ ಮಾಡಿ. ಒಂದು ಕೊಡಪಾನ ನೀರು ಹೊಯ್ದರೆ, ನೀವು ವೀಳ್ಯದೆಲೆಗೆ ಸುಣ್ಣ ಸವರುವಷ್ಟರಲ್ಲಿ ಇಂಗಿ ಹೋಗಬೇಕು. ನಿಂತರೆ ಇನ್ನಷ್ಟು ಚೂರು ಸುರಿಯಿರಿ. ಮಳೆ ಬಿಟ್ಟ ಮೇಲೆ, ದೀಪಾವಳಿ ಹೊತ್ತಿಗೆ ನೆಡಿ. ಇಡೀ ದಿನ ಬಿಸಿಲು ಬೇಕು. ತೋಟದ ನೆರಳಲ್ಲಿಟ್ಟು ಹೂ ಬರಲಿಲ್ಲ ಅನ್ನಬೇಡಿ. ಮಕ್ಕಳಿರುವ ಮನೆಯಾದರೆ ಎಲೆ ತುದಿಯ ಮುಳ್ಳನ್ನು ನೈಲ್ ಕಟರಿನಿಂದ ತೆಗೆಯಿರಿ, ಕಣ್ಣಿಗೆ ಚುಚ್ಚೀತು.

ಹೂವಿಗೆ ತಾಳ್ಮೆ ಬೇಕು. ನನ್ನದು ಐದನೇ ವರ್ಷ ಬಿಟ್ಟಿತು. ನಡುವಿನಿಂದ ಎಳೆ ಬಿದಿರಿನ ಕಣಿಲೆಯ ಹಾಗೆ ದಂಟು ಎದ್ದಿತು. ಆಮೇಲೆ ಮೈತುಂಬ ಬಿಳಿ ಗಂಟೆಗಳು, ಎಲ್ಲವೂ ತಲೆ ತಗ್ಗಿಸಿ. ಸಂಜೆಯಾದರೆ ಇನ್ನಷ್ಟು ಅರಳುತ್ತವೆ. ಕಾಯಿ ಮಾತ್ರ ಕಟ್ಟಲಿಲ್ಲ. ಅದರ ಊರಿನಲ್ಲಿ ಒಂದು ಸಣ್ಣ ಬಿಳಿ ಪತಂಗ ಪರಾಗವನ್ನು ಉಂಡೆ ಕಟ್ಟಿ ತಂದು ಇನ್ನೊಂದು ಹೂವಿಗೆ ಒತ್ತುತ್ತದಂತೆ, ಅಲ್ಲೇ ಮೊಟ್ಟೆಯನ್ನೂ ಇಡುತ್ತದಂತೆ. ಆ ಪತಂಗ ನಮ್ಮಲ್ಲಿ ಎಲ್ಲಿಂದ ಬರಬೇಕು?

ಹೂ ಬಾಡಿದ ಮೇಲೆ ದಂಟು ಕಡಿದುಬಿಡಿ. ಹೂ ಬಿಟ್ಟ ತಲೆ ಮತ್ತೆ ಬೆಳೆಯುವುದಿಲ್ಲ, ಪಕ್ಕದಲ್ಲಿ ಕವಲು ಒಡೆಯುತ್ತದೆ. ಅಂಥದೇ ಒಂದು ಕವಲು ಈಗ ಕೊಟ್ಟಿಗೆಯಲ್ಲಿದೆ, ಸುಣ್ಣದ ಟೊಪ್ಪಿ ಹಾಕಿಕೊಂಡು. ಪಕ್ಕದ ಮನೆಯವಳಿಗೇ. ದಿನಕ್ಕೆ ಎರಡು ಸಲ ಬೇಲಿ ಹತ್ತಿರ ಬಂದು "ಒಣಗಿತಾ ಅಜ್ಜಿ?" ಅಂತಾಳೆ. ಇನ್ನೂ ಟಕ್ ಅಂದಿಲ್ಲ.