ಹರಿಶ್ಚಂದ್ರಗಡಕ್ಕೆ ಎರಡನೇ ಸಲ

ಹೋದ ವರ್ಷ ಮಹಾರಾಷ್ಟ್ರದ ಬೆಟ್ಟದ ಕೋಟೆ ಹರಿಶ್ಚಂದ್ರಗಡ ಹತ್ತಲು ಹೊರಟು ಅರ್ಧ ದಾರಿಯಿಂದ ವಾಪಸ್ ಬಂದಿದ್ದೆ. ಕಾಲು ನೋಯಲಿಲ್ಲ, ಮಳೆ ಬರಲಿಲ್ಲ, ದಾರಿ ತಪ್ಪಲಿಲ್ಲ. ಬೆನ್ನ ಮೇಲಿನ ಚೀಲವೇ ನನ್ನನ್ನು ಕೆಡವಿತು.

ಅದರಲ್ಲಿ ಏನೇನಿತ್ತು ಅಂತ ಹೇಳಲು ಈಗ ನಾಚಿಕೆ. ಬಾಡಿಗೆಗೆ ತಂದ ಮೂರು ಜನರ ಟೆಂಟು, ಪುಟ್ಟ ಗ್ಯಾಸ್ ಒಲೆ, ಎರಡು ಪಾತ್ರೆ, ಅಕ್ಕಿ, ಬೇಳೆ, ಒಂದು ಜೀನ್ಸ್ ಪ್ಯಾಂಟು, ಮನೆಯ ದಪ್ಪ ಸೋಲಾಪುರಿ ಚಾದರ, ಐದು ಲೀಟರ್ ನೀರು. ಬೆಟ್ಟಗಳ ನಡುವಿನ ಸಂದಿ ತೋಲಾರ್ ಖಿಂಡಿ ಮುಟ್ಟುವಷ್ಟರಲ್ಲಿ ಭುಜದ ಚರ್ಮ ಕೆಂಪಾಗಿ ಉರಿಯುತ್ತಿತ್ತು. ಜೊತೆಗಿದ್ದ ಅಕ್ಕನ ಮಗ ತಿರುಗಿ ನೋಡಿ, "ಮಾಮಾ, ಮನಿ ಖಾಲಿ ಮಾಡ್ಕೊಂಡು ಬಂದೀರೇನು?" ಅಂದ. ನಗುವಷ್ಟೂ ಉಸಿರಿರಲಿಲ್ಲ.

ಈ ಡಿಸೆಂಬರಿನಲ್ಲಿ ಮತ್ತೆ ಹೊರಟೆವು. ಹೊರಡುವ ವಾರ ಮೊದಲೇ ಎಲ್ಲ ಸಾಮಾನು ನಡುಮನೆಯಲ್ಲಿ ಹರಡಿದೆ. ಅಳಿಯ ಚೀಲ ತುಂಬಿಸಿ, ಡೊಂಬಿವಲಿಯಲ್ಲಿ ನಮ್ಮ ಬಿಲ್ಡಿಂಗಿನ ಕೆಳಗೇ ಇರುವ ರದ್ದಿ ಅಂಗಡಿಗೆ ಒಯ್ದ. ಅಂಗಡಿಯವ ಅದನ್ನು ಕೊಕ್ಕೆಗೆ ನೇತು ಹಾಕಿ, "ವಿಕಾಯಚಂ ಆಹೆ ಕಾ?" ಎಂದು ಕೇಳಿದನಂತೆ. ಮಾರಲಿಕ್ಕಲ್ಲ, ಬರೀ ತೂಕ ನೋಡಲಿಕ್ಕೆ ಅಂದಾಗ ವಿಚಿತ್ರವಾಗಿ ನೋಡಿದನಂತೆ. ನೀರಿಲ್ಲದೆ ಹನ್ನೊಂದೂವರೆ ಕಿಲೋ!

ಅಲ್ಲಿಂದ ತೆಗೆಯುವ ಕೆಲಸ. ಮೊದಲು ಒಲೆ, ಪಾತ್ರೆ, ಅಕ್ಕಿ. ವಾರಾಂತ್ಯದಲ್ಲಿ ಗಡದ ಮೇಲೆ ಹಳ್ಳಿಯವರು ಪಿಠ್ಲಾ (ಕಡಲೆಹಿಟ್ಟಿನ ಪಲ್ಯ), ಭಾಕ್ರಿ (ರೊಟ್ಟಿ) ಮಾಡಿ ಕೊಡುತ್ತಾರೆ. ಅವರ ಬಿಸಿ ಭಾಕ್ರಿ ಬಿಟ್ಟು ನಾನು ಅರೆಬೆಂದ ಅನ್ನ ಯಾಕೆ ತಿನ್ನಬೇಕು? ಟೆಂಟೂ ಬೇಡ ಅಂದೆವು. ಡಿಸೆಂಬರಿನಲ್ಲಿ ಮಳೆಯ ಭಯ ಕಡಿಮೆ, ದೇವಸ್ಥಾನದ ಹತ್ತಿರ ಗುಹೆಗಳಿವೆ. ಜೀನ್ಸ್ ಅಂತೂ ಒದ್ದೆಯಾದರೆ ಒಣಗುವುದೇ ಇಲ್ಲ. ಚಾದರದ ಬದಲು ಬಾಡಿಗೆಯ ಸ್ಲೀಪಿಂಗ್ ಬ್ಯಾಗ್ ಬಂತು. ಉಳಿದದ್ದು ಆರೂವರೆ ಕಿಲೋ. ಮೂರು ಲೀಟರ್ ನೀರು ಸೇರಿದರೆ ಒಂಬತ್ತೂವರೆ.

ಊಟಕ್ಕೆ ಅಕ್ಕ ಧಾರವಾಡದಿಂದ ಕಳಿಸಿದ್ದ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಬೆಲ್ಲ, ಹುರಿದ ಶೇಂಗಾ. ಕಡಕ್ ರೊಟ್ಟಿಯಂಥ ಚಾರಣದ ಊಟ ಇನ್ನೊಂದಿಲ್ಲ. ಹಗುರ, ಕೆಡುವುದಿಲ್ಲ, ಒಲೆ ಬೇಡ. ಚೂರಾಗುತ್ತದೆ, ನಿಜ. ಹೊಟ್ಟೆಗೆ ಹೋದ ಮೇಲೆ ಹೇಗೂ ಚೂರೇ ಅಲ್ವಾ?

ಇನ್ನೊಂದು ಪಾಠ ಸೊಂಟದ ಪಟ್ಟಿಯದು. ಹೋದ ವರ್ಷ ಅದು ಸುಮ್ನೆ ಅಲಂಕಾರಕ್ಕೆ ಅಂದುಕೊಂಡು ಚೀಲದ ಹಿಂದೆ ಗಂಟು ಹಾಕಿದ್ದೆ! ಈ ಸಲ ಮೊದಲು ಅದನ್ನೇ ಕಟ್ಟಿದೆ. ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕೂರಬೇಕು. ಅದು ಬಿಗಿಯಾದ ಮೇಲೆ ಭುಜದ ಪಟ್ಟಿ ಎಳೆಯಬೇಕು. ಭುಜ ಮತ್ತು ಪಟ್ಟಿಯ ನಡುವೆ ಬೆರಳು ಸಲೀಸಾಗಿ ಹೋದರೆ ಭಾರ ಸೊಂಟಕ್ಕೆ ಇಳಿದಿದೆ ಅಂತ ಅರ್ಥ. ತುಂಬುವುದಕ್ಕೂ ಒಂದು ಕ್ರಮ ಇದೆ. ಸ್ಲೀಪಿಂಗ್ ಬ್ಯಾಗ್ ತಳಕ್ಕೆ, ನೀರು ಮತ್ತು ಊಟದಂಥ ಭಾರದ್ದು ಬೆನ್ನಿಗೆ ಅಂಟಿಕೊಂಡು ನಡುವೆ, ಟಾರ್ಚು ಮತ್ತು ಸ್ವೆಟರ್ ಮೇಲೆ. ಭಾರ ಹೊರಗಡೆ ಇದ್ದರೆ ಚೀಲ ಹಿಂದಕ್ಕೆ ಎಳೆಯುತ್ತದೆ. ಬಂಡೆ ಹತ್ತುವಾಗ ಅದು ಚೆನ್ನಾಗಿ ಗೊತ್ತಾಗುತ್ತದೆ.

ಶನಿವಾರ ಬೆಳಗ್ಗೆ ಕಲ್ಯಾಣದಿಂದ ಆಳೆಫಾಟಾ ಕಡೆಯ ಎಸ್‌ಟಿ ಬಸ್ಸು ಹಿಡಿದೆವು. ಮಾಳ್ಶೇಜ್ ಘಾಟ್ ದಾಟಿ ಖುಬಿ ಫಾಟಾದಲ್ಲಿ ಇಳಿದರೆ ಪಿಂಪಳಗಾಂವ್ ಜೋಗಾ ಅಣೆಕಟ್ಟೆಯ ಏರಿ ಮೇಲೆ ಸುಮಾರು 5 ಕಿ.ಮೀ. ನಡಿಗೆ, ಆಮೇಲೆ ಖಿರೇಶ್ವರ ಹಳ್ಳಿ. ಬಲಕ್ಕೆ ನೀರು, ಎದುರಿಗೆ ಬೆಟ್ಟದ ಗೋಡೆ. ಖಿರೇಶ್ವರ ಪುಣೆ ಜಿಲ್ಲೆಯದು, ಗಡ ಮಾತ್ರ ಅಹಿಲ್ಯಾನಗರ, ಅಂದರೆ ಹಳೆಯ ಅಹ್ಮದ್‌ನಗರ ಜಿಲ್ಲೆಯದು. ಇನ್ನೊಂದು ದಾರಿ, ಪಾಚನಾಯಿ ಹಳ್ಳಿಯ ಕಡೆಯಿಂದ ಹತ್ತಿದರೆ ಸುಲಭ ಅಂತ ಎಲ್ಲರೂ ಹೇಳುತ್ತಾರೆ. ಆದರೆ ನನಗೆ ತೋಲಾರ್ ಖಿಂಡಿಯ ಹಳೇ ಲೆಕ್ಕ ಚುಕ್ತಾ ಮಾಡಬೇಕಿತ್ತು.

ಖಿಂಡಿಯಲ್ಲಿ ಹೋದ ಸಲ ಕೂತ ಕಲ್ಲಿನ ಮೇಲೆಯೇ ಕೂತೆವು. ಈ ಸಲ ಐದೇ ನಿಮಿಷ. ಅದಾದ ಮೇಲೆ ಬಂಡೆ ಸಿಗುತ್ತದೆ, ಕಬ್ಬಿಣದ ಕಂಬಿ ಹಾಕಿದ್ದಾರೆ. ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಹತ್ತಬೇಕು, ಮೇಲಿನವರ ಕಾಲಡಿಯ ಸಣ್ಣ ಕಲ್ಲು ಉರುಳುತ್ತದೆ. ಬಂಡೆ ಮುಗಿದರೆ ಬಂದೇ ಬಿಟ್ಟೆವು ಅನಿಸುತ್ತದೆ. ಅದು ಮೋಸ. ಒಂದು ದಿಬ್ಬ ಹತ್ತಿ ಇಳಿದರೆ ಮತ್ತೊಂದು. ಎಣಿಸುವುದನ್ನು ನಾನು ನಾಲ್ಕಕ್ಕೆ ಬಿಟ್ಟೆ. ಅಳಿಯ ಏಳು ಅಂದ.

ಮೂರು ಗಂಟೆಗೆ ಹರಿಶ್ಚಂದ್ರೇಶ್ವರ ದೇವಸ್ಥಾನ. ಪಕ್ಕದ ಕೇದಾರೇಶ್ವರ ಗುಹೆಯಲ್ಲಿ ದೊಡ್ಡ ಲಿಂಗ, ಸುತ್ತ ಸೊಂಟದ ಮಟ್ಟದ ನೀರು. ನಾಲ್ಕು ಕಂಬಗಳಲ್ಲಿ ಒಂದೇ ಒಂದು ಪೂರ್ತಿ ಉಳಿದಿದೆ. ಅದು ಬಿದ್ದರೆ ಕಲಿಯುಗ ಮುಗಿಯುತ್ತದೆ ಅಂತ ನಂಬಿಕೆ. ನಾನು ನೀರಿಗಿಳಿದು ಪ್ರದಕ್ಷಿಣೆ ಹಾಕಿದೆ. ಎರಡನೇ ಹೆಜ್ಜೆಗೆ ಕಾಲು ಮರಗಟ್ಟಿತು. ಕಂಬದ ಗತಿ ದೇವರಿಗೆ ಬಿಟ್ಟು ಬೇಗ ಬೇಗ ಸುತ್ತಿ ಮೇಲೆ ಬಂದೆ. ಗಡದ ಎತ್ತರದ ಶಿಖರ ತಾರಾಮತಿ, 1,429 ಮೀಟರ್. ಅದನ್ನು ಹತ್ತಲಿಲ್ಲ. ಹೊತ್ತಿಳಿಯುವ ಮೊದಲು ಕೊಂಕಣಕಡಾ ಅನ್ನೋ ಪ್ರಪಾತ ನೋಡಬೇಕಿತ್ತು.

ಕೊಂಕಣಕಡಾ ನೇರ ಗೋಡೆಯಲ್ಲ, ಒಳಕ್ಕೆ ಬಾಗಿದೆ. ನಾವು ನಿಂತ ಬಂಡೆಯ ಕೆಳಗೆ ಏನೂ ಇಲ್ಲ, ದೂರ ಕೆಳಗೆ ಕೊಂಕಣದ ಹೊಲಗಳು. ಅಂಚಿನಿಂದ ಒಂದಷ್ಟು ದೂರದಲ್ಲೇ ಚೀಲ ಇಳಿಸಿ, ಹೊಟ್ಟೆ ಮೇಲೆ ಮಲಗಿ, ತೆವಳಿ ಹೋಗಿ ಇಣುಕಿದೆವು. ನಿಂತು ಬಗ್ಗುವ ಧೈರ್ಯ ನನಗಿಲ್ಲ, ಇರಬೇಕಾಗಿಯೂ ಇಲ್ಲ. ಕೆಳಗೆ ಮಂಜು ತುಂಬಿ ಬೆನ್ನಿಗೆ ಸೂರ್ಯ ಇದ್ದರೆ ನಮ್ಮ ನೆರಳಿನ ಸುತ್ತ ದುಂಡನೆಯ ಕಾಮನಬಿಲ್ಲು ಕಾಣುತ್ತದೆ. ಇಂದ್ರವಜ್ರ ಅನ್ನುತ್ತಾರೆ. ಅದು ಮಳೆಗಾಲದ ಭಾಗ್ಯ. ನಮಗೆ ಸಿಕ್ಕಿದ್ದು ಕೆಂಪು ಸೂರ್ಯ ಮತ್ತು ಕಿವಿ ಕೊರೆಯುವ ಗಾಳಿ.

ಅಲ್ಲೊಂದು ತಪ್ಪು ಮಾಡಿದೆ. ಬೆವರಿದ ಟೀ ಶರ್ಟಿನಲ್ಲೇ ಕೂತುಬಿಟ್ಟೆ. ಸೂರ್ಯ ಮುಳುಗಿದ ಹತ್ತು ನಿಮಿಷಕ್ಕೆ ಹಲ್ಲು ಕಟಕಟ. ಅಲ್ಲಿಗೆ ತಲುಪಿದ ಕೂಡಲೇ ಒಣ ಬಟ್ಟೆ ಹಾಕಬೇಕಿತ್ತು. ಆಮೇಲೆ ಹಾಕಿದ ಸ್ವೆಟರು ನನ್ನನ್ನು ಬೆಚ್ಚಗೆ ಮಾಡಲು ಒಂದು ಗಂಟೆ ತಗೊಂಡಿತು.

ಪಿಠ್ಲಾ ಭಾಕ್ರಿ ಮಾಡಿಕೊಟ್ಟ ಮಾವಶಿಯನ್ನೇ ಯಾವ ಗುಹೆಯಲ್ಲಿ ಮಲಗಬಹುದು ಅಂತ ಕೇಳಿ ಅಲ್ಲೇ ಹಾಸಿದೆವು. ಅವರ ಹತ್ತಿರವೇ ಸ್ಟೀಲ್ ಬಾಟಲಿಗೆ ಬಿಸಿನೀರು ತುಂಬಿಸಿ, ಕಾಲುಚೀಲದೊಳಗೆ ತೂರಿಸಿ, ಸ್ಲೀಪಿಂಗ್ ಬ್ಯಾಗಿನ ಪಾದದ ಕಡೆ ಇಟ್ಟೆ. ಬೆಳಗ್ಗೆ ಕುಡಿಯಲು ಅದೇ ನೀರು. ತಂಡಿ ಮೇಲಿನಿಂದ ಬರುವುದಕ್ಕಿಂತ ಜಾಸ್ತಿ ನೆಲದಿಂದ ಬರುತ್ತದೆ. ತೆಳು ಮ್ಯಾಟಿನ ಕೆಳಗೆ ಖಾಲಿ ಮಾಡಿದ ಚೀಲವನ್ನೂ ಹಾಸಿದೆ. ಹಾಗೆ ಹಾಸುವಾಗ ಪಕ್ಕದ ಜೇಬು ನೋಡಲಿಲ್ಲ.

ಬೆಳಗ್ಗೆ ಪಾಚನಾಯಿ ದಾರಿಯಲ್ಲಿ ಇಳಿದೆವು. ಎರಡು ಗಂಟೆಯ ಇಳಿಜಾರು, ತಲೆ ಮೇಲೆ ಚಾಚಿದ ಬಂಡೆಯ ನೆರಳಿನಲ್ಲೇ ಒಂದಷ್ಟು ದೂರ. ಇಳಿಯುವಾಗ ಬೂಟಿನ ದಾರವನ್ನು ಮೇಲ್ಗಡೆ ಬಿಗಿಯಾಗಿ ಕಟ್ಟದಿದ್ದರೆ ಹೆಬ್ಬೆರಳು ಮುಂದಕ್ಕೆ ಗುದ್ದುತ್ತದೆ. ಅಳಿಯ ನನ್ನ ಮಾತು ಕೇಳಲಿಲ್ಲ, ಅವನ ಉಗುರು ಈಗ ಕಪ್ಪು. ಜೀಪಿನಲ್ಲಿ ರಾಜೂರು, ಬಸ್ಸು ಬದಲಿಸುತ್ತ ಕಸಾರಾ, ಅಲ್ಲಿಂದ ಲೋಕಲ್ ರೈಲು.

ಮನೆಯಲ್ಲಿ ಚೀಲ ಖಾಲಿ ಮಾಡಿದೆ. ಒಮ್ಮೆಯೂ ಬಳಸದೆ ವಾಪಸ್ ಬಂದದ್ದು ಒಂದು ಹೆಚ್ಚಿನ ಅಂಗಿ, ಮೊಣಕಾಲಿನ ಪಟ್ಟಿ, ಎರಡನೇ ಟಾರ್ಚು. ಪಕ್ಕದ ಜೇಬಿನಲ್ಲಿ ಎರಡು ಬೆರಳು ತೂರುವಷ್ಟು ತೂತು, ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲಿನ ಗುರುತು. ಗುಹೆಯ ಇಲಿ ರಾತ್ರಿ ನನ್ನ ಕಾಲ ಬುಡದಲ್ಲೇ ಕೂತು ಶೇಂಗಾ ಮುಗಿಸಿತ್ತು. ಬೆಲ್ಲ ಮಾತ್ರ ಮುಟ್ಟಿರಲಿಲ್ಲ.